ಗೇಟಿರುವ ಮನೆ

ಅಯ್ಯೋ, ಹೀಗೆ ಕೂತಲ್ಲೇ ಕೂತರೆ ಹೇಗಕ್ಕಾ? ಏಳಿ... ಒಂದು ಹೆಜ್ಜೆ. ಒಂದೇ ಒಂದು ಹೆಜ್ಜೆ ಆ ಗೇಟಿನೊಳಗೆ ಇಟ್ಟುಬಿಡಿ, ಉಳಿದಿದ್ದೆಲ್ಲ ನಾನು ನೋಡ್ಕೋತೀನಿ. ಲಾರಿ ರಾತ್ರಿಯಿಡೀ ಓಡಿ ನೈರೋಬಿಯಿಂದ ಬಂದು ನಿಂತಿದೆ, ನನ್ನ ಫ್ರಿಜ್ಜು ಬಿಸಿಲಲ್ಲಿ ಬೇಯ್ತಿದೆ, ಆ ಡ್ರೈವರ್ ಮುತಿಸ್ಯ ಬೇರೆ... ಏ, ಇರಪ್ಪಾ! ಹಾರನ್ ಹೊಡೀಬೇಡ! ಅಕ್ಕನ ಹತ್ರ ಮಾತಾಡ್ತಿರೋದು ಕಾಣಲ್ವಾ ನಿಂಗೆ?

ನೋಡಿದ್ರಾ ಅವನ ಅವಸರ? ಪಾಪ, ಅವನು ಕಂಬಾ ಜನದವನು, ಅವನಿಗೇನು ಗೊತ್ತು. ಮನೆ ಬದಲಾಯಿಸೋದು ಅಂದ್ರೆ ಸಾಮಾನು ಇಳಿಸೋದು ಅಂತ ತಿಳ್ಕೊಂಡಿದಾನೆ. ನಮ್ಮ ಲುವೊ ಗಂಡಸಿನ ಮನೆಗೆ ಸಾಮಾನಿಗಿಂತ ಮುಂಚೆ ಹಿರೀ ಹೆಂಡತಿ ಹೋಗ್ಬೇಕು ಅಂತ ಮೊದಲೇ ಹೇಳಿದ್ದಿದ್ರೆ ಈ ಬಾಡಿಗೆಗೆ ಬರ್ತಾನೇ ಇರ್ಲಿಲ್ಲ.

ಯಾಕೆ, ನಗು ಬಂತಾ? ...ಇಲ್ವಾ. ನಕ್ಕ ಹಾಗೆ ಕಾಣಿಸ್ತು. ನಕ್ಕಿದ್ರೆ ಒಳ್ಳೇದಿತ್ತು.

ಅಸೆನಾಥಕ್ಕಾ, ನಿಮ್ಮಾಣೆ, ನಾನು ನಿಮ್ಮ ಜತೆ ಜಗಳಕ್ಕೆ ಬಂದಿಲ್ಲ. ಒಬುಯ ಅವರ ಮೊದಲನೇ ಹೆಂಡತಿ ನೀವು, ಎರಡನೆಯವಳು ನಾನು, ಅದರಲ್ಲಿ ನಾನು ಯಾವತ್ತಾದ್ರೂ ತಕರಾರು ಎತ್ತಿದೀನಾ? ಊರಿಗೆ ಬಂದಾಗಲೆಲ್ಲ ಮೊದಲು ನಿಮ್ಮ ಬಾಗಿಲಿಗೇ ಬಂದಿದೀನಿ. ಬ್ರೆಡ್ಡು ತಂದಿದೀನಿ, ಸಕ್ಕರೆ ತಂದಿದೀನಿ. ಕಳೆದ ಕ್ರಿಸ್‌ಮಸ್ಸಿಗೆ ನಿಮ್ಮ ತಲೆಗೂದಲು ನಾನೇ ಹೆಣೆದೆ... ಮಧ್ಯಾಹ್ನ ಪೂರ್ತಿ ನಿಮ್ಮ ತಲೆ ನನ್ನ ಮಡಿಲಲ್ಲಿತ್ತು, ಒಂದು ಮಾತಾಡಿದ್ರಾ ನೀವು? ಇಲ್ಲ. ಆಗಲೂ ಹೀಗೇ. ಕೊನೆಗೆ ಕನ್ನಡಿ ನೋಡ್ಕೊಂಡು ಎದ್ದು ಹೋದ್ರಿ.

ಇದೆಲ್ಲ ನಂದೂ ತಪ್ಪಲ್ಲ, ನಿಮ್ಮದೂ ತಪ್ಪಲ್ಲ. ಗೇಟಿಂದು. ನಿಜವಾಗ್ಲೂ! ನಾನು ಅತ್ತೆಗೆ ಫೋನಲ್ಲಿ ಎಷ್ಟು ಹೇಳಿದೆ. ಅತ್ತೆ, ಇದು ಕಿಸುಮು ಊರಾಚೆ ಇರೋ ಸಾದಾ ಮನೆ, ಸಿಮೆಂಟು ತಗಡಿಂದು, ನಾವು ಕಟ್ಟಿದ್ದಲ್ಲ, ಕೊಂಡಿದ್ದು, ಇದಕ್ಕೆಲ್ಲ ಶಾಸ್ತ್ರ ಬೇಡ ಅಂದೆ. ಅತ್ತೆ ಒಂದೇ ಮಾತು ಕೇಳಿದ್ರು, ಗೇಟಿದೆಯಾ? ಇದೆ ಅತ್ತೆ. ಎಂಥ ಗೇಟು? ಕಬ್ಬಿಣದ್ದು, ಹಸಿರು ಬಣ್ಣ, ಮೇಲೆ ಎರಡು ಸಿಂಹದ ತಲೆ... ನಾನೇ ಜಂಬಕ್ಕೆ ಹೇಳಿದ್ದು, ಸಿಂಹದ ತಲೆ ಬೇರೆ! ಮುಗೀತು. ಗೇಟಿಲ್ಲದಿದ್ರೆ ಅದು ಬರೀ ನಾಲ್ಕು ಗೋಡೆ, ಯಾರು ಬೇಕಾದ್ರೂ ಇರಿ. ಗೇಟಿದ್ರೆ ಅದು ದಾಲ, ಗಂಡಸು ನೆಲೆ ಹೂಡೋ ಮನೆ. ಹಿರಿಯವಳು ಮೊದಲು ಹೋಗ್ಬೇಕು, ಅಲ್ಲಿ ಬೆಂಕಿ ಹಚ್ಬೇಕು, ಮೊದಲ ರಾತ್ರಿ ಅವಳು ಮಲಗ್ಬೇಕು, ಇಲ್ಲದಿದ್ರೆ ದೋಷ ತಟ್ಟುತ್ತೆ, ನಿನಗಲ್ಲದಿದ್ರೆ ನಿನ್ನ ಮಕ್ಕಳಿಗೆ. ಹಾಗಂದ್ರು. ನಂಗೂ ರೇಗಿತು. ವೆಲ್ಡಿಂಗ್‌ನವನನ್ನ ಕರೆಸಿ ಗೇಟನ್ನೇ ಕೀಳಿಸಿ ಹಾಕ್ತೀನಿ ಅಂದೆ. ಕಿತ್ತ ಜಾಗಾನೂ ಗೇಟೇ ಕಣೇ ಅಂದ್ರು!

ನಾನು ನಂಬಲ್ಲ ಅಕ್ಕಾ. ನೈರೋಬಿಯಲ್ಲಿ ಹುಟ್ಟಿ ಬೆಳೆದವಳು, ನನ್ನ ಸಲೂನಿಗೆ ಬರೋ ವಕೀಲರ ಹೆಂಡತೀರು ನಾನು ಮಾತಾಡೋ ಧಾಟಿ ಕೇಳಿ ಕಾಲೇಜು ಓದಿದೀಯಾ ಅಂತಾರೆ. ನಂಬಲ್ಲ. ಆದ್ರೆ ನಕುರು ದಾಟಿದ ಮೇಲೆ ಟೈರು ಒಡೀತು. ಕೆರಿಚೋ ಹತ್ರ ಹಗ್ಗ ಕಿತ್ತು ನನ್ನ ಡ್ರೆಸ್ಸಿಂಗ್ ಟೇಬಲ್ಲು ಚಹಾ ತೋಟಕ್ಕೆ ಹಾರಿ ಬಿತ್ತು, ಕನ್ನಡಿ ಸಮೇತ. ಆಮೇಲೆ ದಾರಿಯುದ್ದಕ್ಕೂ ನಾನು ಬಾಯಿ ಬಿಟ್ಟಿಲ್ಲ. ಇಲ್ಲಿ ಬಂದು ಇಳಿದವಳು ಗೇಟು ಮುಟ್ಟಿಲ್ಲ. ನೋಡಿ, ಮುತಿಸ್ಯ ಒಳಗೆ ಹೋಗಿ ಬಂದ. ಪಕ್ಕದ ಮನೆಯವರ ಮೇಕೆ ಹೋಗಿ ಹಿತ್ತಲಲ್ಲಿ ಮೇಯ್ಕೊಂಡು ಬಂತು. ನಾನು ಮಾತ್ರ ನನ್ನ ಮನೆ ಮುಂದೆ ನನ್ನ ಸೋಫಾದ ಮೇಲೆ, ರಸ್ತೆಯಲ್ಲಿ, ಊರವರಿಗೆಲ್ಲ ನಾಟಕ ತೋರಿಸ್ತಾ ಕೂತಿದೀನಿ. ಆ ಗೋಡೆ ಮೇಲಿಂದ ನೋಡ್ತಿದಾರಲ್ಲ, ಕೆಂಪು ರುಮಾಲಿನವರು, ಅವರು ಆಗಲೇ ಮಕ್ಕಳಿಗೆ ಮಂದಾಜಿ ಕರಿದು ತಂದು ತಿನ್ನಿಸ್ತಾ ನೋಡ್ತಿದಾರೆ.

ಹಾಂ, ಮನೆ. ಮನೆ ಹೇಗಿದೆ ಅಂತ ಕೇಳ್ತಿದ್ದೀರಾ? ಇಲ್ಲ, ಸುಮ್ನೆ ನೋಡಿದ್ರಿ. ಹೇಳ್ತೀನಿ. ಮಾರಿದವನು ಮಹಾನುಭಾವ, ಬಲ್ಬು ಬಿಚ್ಚಿಕೊಂಡು ಹೋಗಿದಾನೆ, ಪರದೆ ಕಂಬಿ ಬಿಚ್ಚಿಕೊಂಡು ಹೋಗಿದಾನೆ, ಕಕ್ಕಸಿನ ಬಾಗಿಲಿನ ಚಿಲಕಾನೂ ಬಿಟ್ಟಿಲ್ಲ. ನಲ್ಲಿ ಇದೆ, ತಿರುಗಿಸೋ ಹಿಡಿ ಇಲ್ಲ. ಆದ್ರೂ ಒಳಗಡೆ ಒಂದು ಕೋಣೆ ನಿಮಗೆ ಅಂತ್ಲೇ ಗುಡಿಸಿಟ್ಟಿದಾನೆ ಮುತಿಸ್ಯ. ಹಿತ್ತಲ ಕಡೇದು. ಚಿಕ್ಕದು... ಒಂದು ರಾತ್ರಿಗೆ ಎಷ್ಟು ದೊಡ್ಡದು ಬೇಕು ಹೇಳಿ. ಬೆಳಿಗ್ಗೆ ಎದ್ದು ಚಹಾ ಕುಡಿದು ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಉಗೆನ್ಯಾದಲ್ಲಿ ನಿಮ್ಮ ಮನೇಲಿ ಇರ್ತೀರಿ. ಮಟಾಟು ವ್ಯಾನಲ್ಲಿ ಮುಂದಿನ ಸೀಟೇ ಕೊಡಿಸ್ತೀನಿ.

ಅವರಾ? ಅವರು... ಬಲ್ಬು ತರೋಕೆ ಹೋಗಿದಾರೆ. ಪೇಟೆಗೆ. ಬರ್ತಾರೆ. ಅವರೂ ಇವತ್ತು ಒಳಗೇ ಮಲಗ್ಬೇಕಂತಲ್ಲ, ನಿಮ್ಮ ಜತೆ. ಮಲಗ್ಲಿ! ಶಾಸ್ತ್ರ ಅಂದ್ರೆ ಶಾಸ್ತ್ರ. ನಾನು ಲಾರಿಯಲ್ಲಿ ಹಾಸಿಗೆ ಸುತ್ತಿಟ್ಟಿರೋ ಕಡೆ ಒರಗ್ತೀನಿ. ನಂಗೇನೂ ಇಲ್ಲ. ...ನಂಗೇನೂ ಇಲ್ಲ ಅಂದ್ನಲ್ಲಕ್ಕಾ, ಯಾಕೆ ಹಾಗೆ ನೋಡ್ತೀರಿ?

ಸರಿ, ಒಂದು ಮಾತು ಕೇಳ್ಬೇಕು ಅಂತಿದ್ದೆ. ತಪ್ಪು ತಿಳ್ಕೋಬೇಡಿ. ಒಂದು ರಾತ್ರಿಗೆ... ಇಷ್ಟೊಂದು ಗಂಟು ಯಾಕಕ್ಕಾ? ಸೀರಿಯಸ್ಸಾಗಿ ಕೇಳ್ತಿದೀನಿ. ಕೂರೋಕೆ ನಿಮ್ಮ ಸ್ಟೂಲು ತಂದಿರಿ, ಸರಿ, ಅಭ್ಯಾಸ. ಬುಟ್ಟಿಯಲ್ಲಿ ಕೋಳಿ... ಶಾಸ್ತ್ರಕ್ಕೆ ಒಂದು ಹುಂಜ ಸಾಕಾಗಿತ್ತು, ನೀವು ಕಾವಿಗೆ ಕೂತಿರೋ ಹೇಂಟೆಯನ್ನ ಮೊಟ್ಟೆ ಸಮೇತ ತಂದಿದ್ದೀರಿ. ಗುದ್ದಲಿ ಯಾಕೆ? ಬಿತ್ತನೆ ರಾಗಿ ಯಾಕೆ? ನೀವು ಬಂದಾಗಿಂದ ಹಿತ್ತಲ ಕಡೇನೇ ನೋಡ್ತಿದೀರಿ, ಅದಕ್ಕೆ ನಾನು ಸಿಮೆಂಟು ಹಾಕಿಸ್ಬೇಕು ಅಂತಿದೀನಿ, ಕಾರು ನಿಲ್ಲಿಸೋಕೆ. ಕಾರಿಲ್ಲ, ಬರುತ್ತೆ. ಆ ಬೀಸೋ ಕಲ್ಲು... ಅದನ್ನ ಮಟಾಟು ಮೇಲಿಂದ ಇಳಿಸೋಕೆ ಇಬ್ಬರು ಬೇಕಾದ್ರು! ಇನ್ನು ಆ ಡಬ್ಬಿ. ಬೂದಿ ಮುಚ್ಚಿದ ಕೆಂಡ. ಬಸ್ಸಲ್ಲಿ ಕೆಂಡ! ಕಂಡಕ್ಟರ್ ಬೈದಿಲ್ವಾ ನಿಮಗೆ? ನನ್ನ ಹತ್ರ ಗ್ಯಾಸಿದೆ, ಬೆಂಕಿಪೊಟ್ಟಣ ಇದೆ. ಹಳೇ ಒಲೆಯಿಂದ ಕೆಂಡ ಹೊತ್ಕೊಂಡು ಬರೋದು ಅಂದ್ರೆ... ಅದು... ಆ ಒಲೆಗೆ ಇನ್ನು ವಾಪಸ್ ಹೋಗಲ್ಲ ಅನ್ನೋರು ಮಾಡೋ ಕೆಲಸ.

ಅಲ್ವಾ?

ಅಕ್ಕಾ, ಊರಲ್ಲಿ ಹಸು ಯಾರು ನೋಡ್ಕೋತಾರೆ? ...ಕೊಟ್ಟುಬಿಟ್ರಾ? ಯಾರಿಗೆ? ಮೈದುನನ ಹೆಂಡತಿಗಾ? ತಲೆ ಅಲ್ಲಾಡಿಸಿದ್ರೆ ಸಾಲದು, ಬಾಯಿ ಬಿಟ್ಟು ಹೇಳಿ! ಮನೆ? ಮನೇನೂ ಅವಳಿಗೇನಾ? ದೇವರೇ. ಯಾರು ಹೇಳಿದ್ರು ನಿಮಗೆ ಹಾಗೆ ಮಾಡಿ ಅಂತ? ಯಾರೋ ಏನೋ ತಲೆ ಕೆಡಿಸಿದಾರೆ. ಅತ್ತೆ ಇರ್ಬೇಕು. ವಯಸ್ಸಾಯ್ತು, ಒಂದು ಹೇಳೋಕೆ ಹೋಗಿ ಇನ್ನೊಂದು ಹೇಳಿರ್ತಾರೆ...

ಯಾಕೆ ಲಾರಿ ಕಡೆ ನೋಡ್ತಿದೀರಿ? ಅಲ್ಲೇನಿಲ್ಲ. ಕ್ಯಾಬಿನ್ನಲ್ಲಿ ಕಂಬಳಿ ಇದೆ. ...ಕಂಬಳಿ ಅಲ್ಲಾಡ್ತಾ? ಗಾಳಿ. ಸರೋವರದ ಕಡೆಯಿಂದ ಬೀಸ್ತಿದೆ, ನೋಡಿ ಮೋಡ ಹೇಗೆ ಕಟ್ಟಿದೆ, ನನ್ನ ಹಾಸಿಗೆಗಳು ತೊಯ್ದು ತೊಪ್ಪೆಯಾಗ್ತವೆ, ಈಗಾದ್ರೂ... ಅದು ಬೂಟು. ಹೌದು. ಬೂಟಿನೊಳಗೆ ಕಾಲಿದೆ. ಹೌದು! ಅವರೇ! ಬಲ್ಬು ತರೋಕೆ ಹೋಗಿಲ್ಲ, ನೀವು ಮಟಾಟು ಇಳಿದಿದ್ದೇ ತಡ ಕಂಬಳಿ ಹೊದ್ಕೊಂಡು ಮಲಗಿದಾರೆ. ಶಾಲಾ ಮೇಷ್ಟ್ರು, ಊರಲ್ಲಿ ಹತ್ತು ಜನಕ್ಕೆ ನ್ಯಾಯ ಹೇಳೋ ಮನುಷ್ಯ! ಅವಳ ಮುಖ ನೋಡೋಕೆ ನನ್ನಿಂದ ಆಗಲ್ಲ ಮಿಲ್ಕಾ, ನೀನೇ ಮಾತಾಡು ಅಂದ್ರು. ಅದಕ್ಕೇ ನಾನು ಬೆಳಿಗ್ಗೆಯಿಂದ ಬಾಯಿ ಒಣಗಿಸ್ಕೊಂಡು... ಯಾಕೆ ಅಂದ್ರೆ? ನಂಗೇನು ಗೊತ್ತು ಯಾಕೆ ಅಂತ. ಹೆದರಿಕೆ. ನಾಚಿಕೆ. ಗಂಡಸರು.

ಏನಾದ್ರೂ ಅನ್ನಿ ಅಕ್ಕಾ. ಬೈಯಿರಿ. ನಾಲ್ಕು ಜನರ ಮುಂದೆ ಉಗಿಯಿರಿ. ಕೆಂಪು ರುಮಾಲಿನವರಿಗೂ ಖುಷಿಯಾಗುತ್ತೆ. ಹೀಗೆ ಸುಮ್ನೆ ಮಾತ್ರ ನೋಡಬೇಡಿ.

...

ಮೊದಲು ಕರೆದಾಗ ನೀವು ಬರಲಿಲ್ಲ ತಾನೆ? ಇನ್ನೊಬ್ಬಳ ಮನೇಲಿ ಒಂದು ರಾತ್ರಿ ಮಲಗಿ ಎದ್ದು ಬರೋಕೆ ನಾನೇನು ಬಾಡಿಗೆ ಹೆಂಗಸಾ ಅಂತ ಹೇಳಿ ಕಳಿಸಿದ್ರಿ. ಎರಡನೇ ಸಲಾನೂ ಅದೇ. ನಾನೇನು ಮಾಡ್ಲಿ? ನೈರೋಬಿ ಮನೆ ಖಾಲಿ ಮಾಡೋ ದಿನ ಬಂದಿತ್ತು. ಸಲೂನು ಬಿಟ್ಟುಕೊಟ್ಟಾಗಿತ್ತು. ಊರವರ ತಲೆಗೂದಲೆಲ್ಲ ಹೆಣೆದು ಹೆಣೆದು... ನೋಡಿ ಈ ಬೆರಳು, ಬೆಳಿಗ್ಗೆ ಎದ್ದಾಗ ಮಡಚೋಕೆ ಆಗಲ್ಲ. ಅಷ್ಟು ಮಾಡಿ ಕೊಂಡ ಮನೆ ಇದು. ನಿಮ್ಮ ಎತ್ತು ಮಾರಿದ ದುಡ್ಡೂ ಇದರೊಳಗೆ ಹೋಗಿದೆ, ನಂಗೊತ್ತು, ಇಲ್ಲ ಅಂದಿಲ್ಲ. ನೀವು ಬರದೆ ನಾನು ಒಳಗೆ ಹೋಗೋ ಹಾಗಿಲ್ಲ. ಅದಕ್ಕೇ...

ಅತ್ತೆ ಏನೂ ಹೇಳಿಲ್ಲ. ಪಾಪ, ಅವರ ಮೇಲೆ ಯಾಕೆ ಹಾಕ್ಲಿ. ನಾನೇ. ಒಬುಯ ಅವರು ನಿಮಗೆ ಫೋನು ಮಾಡಿದಾಗ ಪಕ್ಕದಲ್ಲೇ ನಿಂತಿದ್ದೆ. ಹೇಳಿ, ಮನೆ ನಿನ್ನದು ಅಂತ ಹೇಳಿ, ಆವಾಗ ಬರ್ತಾಳೆ, ಬಂದ ಮೇಲೆ ನಾನು ಸರಿಮಾಡ್ತೀನಿ ಅಂದೆ. ಒಂದೊಂದು ಮಾತೂ ನಾನೇ ಹೇಳಿಕೊಟ್ಟಿದ್ದು. ಅಸೆನಾಥ್, ಇದು ನಿನ್ನ ಮನೆ. ಎಲ್ಲ ಕಟ್ಕೊಂಡು ಬಾ. ಇನ್ನು ನೀನು ಒಬ್ಬಳೇ ಇರೋದು ಬೇಡ. ಇಷ್ಟು ನಂದು. ಇಷ್ಟೇ ನಂದು. ಅಲ್ಲಿಗೆ ನಿಲ್ಲಿಸಿ ಅಂತ ಕೈ ಸನ್ನೆ ಮಾಡಿದೆ. ಅವರು ನಿಲ್ಲಿಸಲಿಲ್ಲ ಅಕ್ಕಾ. ಗೋಡೆ ಕಡೆ ತಿರುಗಿದ್ರು. ನಿನ್ನ ಕೈಯ ಗಂಜಿ ಕುಡಿದು ಎಷ್ಟು ಕಾಲ ಆಯ್ತು ಅಂದ್ರು. ಅಂದು ಅತ್ತುಬಿಟ್ರು. ನೀವೂ ಕೇಳಿಸ್ಕೊಂಡಿರ್ತೀರಿ.

ನಾನು ಹೇಳಿಕೊಟ್ಟ ಸುಳ್ಳಿಗೆ ಅವರು ಯಾಕೆ ಅಳ್ಬೇಕು?

ಅವತ್ತಿಂದ ಅವರನ್ನ ಕೇಳೋಕೆ ನಂಗೆ ಧೈರ್ಯ ಬಂದಿಲ್ಲ. ನೀವು ಬೇಗ ಬಂದು ಬೇಗ ಹೊರಟುಹೋದ್ರೆ ಕೇಳೋ ಪ್ರಮೇಯಾನೇ ಬರಲ್ಲ ಅಂದ್ಕೊಂಡಿದ್ದೆ. ಅದಕ್ಕೇ ಅಷ್ಟು ಸಲ ಒಂದು ರಾತ್ರಿ, ಒಂದು ರಾತ್ರಿ ಅಂತ ಬಡ್ಕೊಂಡೆ. ನಿಮಗೆ ಹೇಳ್ತಿರಲಿಲ್ಲ, ಆ ಕಂಬಳಿಗೆ ಕೇಳ್ಲಿ ಅಂತ ಹೇಳ್ತಿದ್ದೆ.

...ಎದ್ರಾ? ಊರಿಗೆ ಹೊರಟ್ರಾ? ಬೇಡ ಅಕ್ಕಾ, ಹೋಗ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ! ನೀವು ಹೋದ್ರೆ ನಾನು ಈ ಸೋಫಾದ ಮೇಲೇ... ಆ ಕಡೆ ಅಲ್ವಾ? ಗೇಟಿನ ಕಡೆನಾ? ಕೆಂಡದ ಡಬ್ಬಿ ತಗೊಂಡ್ರಿ. ಹೌದು, ಹೌದು, ಹೋಗಿ, ಒಳಗೆ ಹೋಗಿ... ಮುತಿಸ್ಯ! ಹಗ್ಗ ಬಿಚ್ಚೋ!

ಯಾರು ಅದು ಇಳಿದಿದ್ದು?

ರೀ. ನೀವ್ಯಾಕೆ ಇಳಿದ್ರಿ ಈಗ? ರೀ, ಆ ಬೀಸೋ ಕಲ್ಲು ಮುಟ್ಬೇಡಿ, ಭಾರ ಇದೆ, ಕೂಲಿಯವರು ಎತ್ತಿಡ್ತಾರೆ... ನಿಮಗೆ ಸೊಂಟ ಹಿಡ್ಕೊಂಡಿತ್ತಲ್ಲ? ನನ್ನ ಒಂದು ಕುರ್ಚಿಗೂ ನೀವು ಕೈ ಹಾಕ್ಲಿಲ್ಲವಲ್ಲ... ರೀ? ಒಂದ್ಸಲ ಈ ಕಡೆ ನೋಡಿ. ನಿಮ್ಮನ್ನೇ ಕರೀತಿರೋದು. ...ಕಲ್ಲು ಹೊತ್ಕೊಂಡು ಒಳಗೇ ಹೋದ್ರಾ?

ಮುತಿಸ್ಯ, ಬೇಡ. ಹಗ್ಗ ಬಿಚ್ಬೇಡ. ಇರು.

ಅಕ್ಕಾ! ಬಾಗಿಲಲ್ಲಿ ನಿಂತ್ರಾ? ಅಲ್ಲಿಂದ ಮಾತು ಕೇಳುತ್ತಾ ನಿಮಗೆ? ಹೊಗೆ ಬರ್ತಿದೆ, ಒಲೆ ಹಚ್ಚಿದ್ರಿ ಅಂತ ಕಾಣುತ್ತೆ. ಒಳ್ಳೇದಾಯ್ತು. ನಾನೇನೂ ಒಳಗೆ ಬರಲ್ಲ, ಇಲ್ಲೇ ನಿಂತಿದೀನಿ, ಗೇಟಿನ ಈಚೆ... ನಾಳೆ ಬೆಳಿಗ್ಗೆ ಬರ್ಲಾ ಅಕ್ಕಾ, ನಾನು?

ನಾಡಿದ್ದು?