ಕಡೆಯವರ ಹಿಂದಿನ ಜೀಪು

ಮಡಂತ್ಯಾರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಬಟ್ಟೆ ವ್ಯಾಪಾರದ ಇದಿನಬ್ಬ ಬ್ಯಾರಿಯ ಕಣ್ಣು ರಸ್ತೆಯ ಮೇಲಿತ್ತು, ಕಿವಿ ಮಾತ್ರ ಪಕ್ಕದ ಬೆಂಚಿನ ಇಬ್ಬರು ಹೆಂಗಸರ ಕಡೆಗಿತ್ತು.

"ವಾರಿಜಕ್ಕ, ಡಯಾಲಿಸಿಸ್ ಮೆಷಿನಿಗೆ ಹಣ ಒಟ್ಟು ಮಾಡುವ ಮ್ಯಾರಥಾನಿಗೆ ನೀವೂ ಹೆಸರು ಕೊಟ್ಟದ್ದಾ? ಈ ಪ್ರಾಯದಲ್ಲಿ ಗೆಲ್ಲಲಿಕ್ಕುಂಟಾ?"

"ಗೆಲ್ಲುವುದು ಯಾರಿಗೆ ಬೇಕು ಮಾರಾಯ್ತಿ? ನಾನು ಕಡೆಯವಳಾಗಬೇಕು."

"ಅದೆಂಥದು?"

"ಓಡಲಿಕ್ಕಾಗದವರನ್ನು ಹತ್ತಿಸಲಿಕ್ಕೆ ಕಟ್ಟಕಡೆಯವರ ಹಿಂದೆ ಒಂದು ಜೀಪು ಬರ್ತದೆ. ನನ್ನದೇ ಜೀಪು, ನಾನೇ ಬಿಡ್ತೇನೆ ಅಂತ ದೂಮಣ್ಣ ಧಣಿ ಮೈಕಿನಲ್ಲಿ ಹೇಳಿದ್ದಾರೆ."

"ನಿಮ್ಮ ಯಜಮಾನರಿಗೆ ಎದೆನೋವು ಬಂದ ದಿನ ಕೊಡದ ಜೀಪಾ?"

"ಅದೇ. ಪಂಕ್ಚರ್ ಅಂದರು. ನಾನು ಓಡಿ ಬೇರೆ ಗಾಡಿ ತರುವಾಗ ಇವರ ಉಸಿರು ನಿಂತಿತ್ತು. ಹೊತ್ತು ಮುಳುಗುವ ಮೊದಲು ಧಣಿ ಅದೇ ಜೀಪಿನಲ್ಲಿ ಹೆಣ ನೋಡಲಿಕ್ಕೆ ಬಂದರು."

"ಹಾಗಾದರೆ ಮೆಲ್ಲ ಓಡುವುದಾ?"

"ನಿಲ್ಲುವುದಿಲ್ಲ, ಬೀಳುವುದೂ ಇಲ್ಲ. ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಆ ಬಿಸಿಲಿಗೆ ನನ್ನ ಬೆನ್ನು ನೋಡ್ತಾ ಬರಲಿ."

"ಧಣಿ ಸಾಕು, ಜೀಪು ಹತ್ತು ಅಂದರೆ?"

"ಪಂಕ್ಚರ್ ಹಾಕಿಸಿದಿರಾ ಧಣಿಗಳೇ, ಅಂತ ಕೇಳ್ತೇನೆ."

ಬಸ್ಸು ಬಂತು. ಕಂಡಕ್ಟರ್ ಸೀಟಿಯ ಮೇಲೆ ಸೀಟಿ ಊದುತ್ತಿದ್ದ. ಇದಿನಬ್ಬ ಪಕ್ಕಕ್ಕೆ ಸರಿದು ದಾರಿ ಬಿಟ್ಟರೂ ವಾರಿಜಕ್ಕ ಕದಲಲಿಲ್ಲ.

"ನೀವು ಹತ್ತಿ ಬ್ಯಾರಿಗಳೇ. ಕಡೆಗೆ ಬರುವುದು ನನಗೆ ಅಭ್ಯಾಸ ಆಗಬೇಕು."