ದವಡೆಗೆ ಮುಟ್ಟದ ಸುದ್ದಿ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕೆನ್ನೆ ಹಿಡಿದು ಕೂತಿದ್ದ ಬಸ್ ಡ್ರೈವರನಿಗೆ ಪಕ್ಕದ ಅತ್ತೆ-ಸೊಸೆಯ ಮಾತು ಕಿವಿಗೆ ಬಿತ್ತು.

“ನಿದ್ದೇಲಿ ಹಲ್ಲು ಕಡಿದೂ ಕಡಿದೂ ಸವೆಸಿಬಿಟ್ಟಿದ್ದೀನಂತೆ, ಅತ್ತೆ.”

“ನಾನೂ ಹಾಗೇ ಇದ್ದೆ ಕಣಮ್ಮ. ಧ್ಯಾನಕ್ಕೆ ಕೂತಾಗ ಮನಸ್ಸು ಎಲ್ಲಿದೆ ನೋಡು ಅಂದ್ರು, ಧ್ಯಾನ ಹೇಳಿಕೊಡೋ ಗುರುಗಳು. ನೋಡಿದ್ರೆ ದವಡೇಲಿ ಬಿಗಿಯಾಗಿ ಕೂತಿತ್ತು!”

“ಯಾರ ಮೇಲೆ ಸಿಟ್ಟು?”

“ನಮ್ಮತ್ತೆ ಮೇಲೆ. ಹಲ್ಲು ಕಚ್ಚಿಕೊಂಡೇ ಸಂಸಾರ ಮಾಡಿದ್ನಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷ ಆಗಿದ್ರೂ ದವಡೆಗೆ ಸುದ್ದೀನೇ ಮುಟ್ಟಿರ್ಲಿಲ್ಲ. ದಿನಾ ಕೂತು, ಉಸಿರು ಬಿಡ್ತಾ ಬಿಡ್ತಾ ಸಡಿಲ ಮಾಡ್ದೆ. ಸಿಟ್ಟೂ ಇಳೀತು.”

ಸೊಸೆ ತಲೆ ತಗ್ಗಿಸಿದಳು. ಭಲೇ ಹೆಂಗಸು, ಅಂದುಕೊಂಡ ಡ್ರೈವರ್, ನೋವು ಮರೆತು.

ನರ್ಸ್ ಸೊಸೆಯನ್ನು ಒಳಗೆ ಕರೆದಳು. ಅತ್ತೆಯೂ ಎದ್ದಳು.

“ನಡಿ, ಡಾಕ್ಟರ ಮುಂದೆ ಬಾಯಿ ತೆಗಿ. ಮನೆಗೆ ಹೋದ್ಮೇಲೆ ನನ್ನ ಮುಂದೆ ಬಾಯಿ ಬಿಡು, ನಾನಿನ್ನೂ ಬದುಕಿರುವಾಗ್ಲೇ.”