ಎಲ್ಲಾ ಓಡುವ ಲ್ಯಾಪ್‌ಟಾಪ್

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹೊಸ ಸಾಫ್ಟ್‌ವೇರ್ ಕೈಕೊಟ್ಟು ಅಮ್ಮನ ರಿಪೋರ್ಟ್ ನಿಂತಿತ್ತು. ಆ ಸಾಫ್ಟ್‌ವೇರ್ ಮಾಡಿಕೊಟ್ಟು, ಈಗ ಅದನ್ನು ಸರಿಮಾಡಲು ಬಂದಿದ್ದ ಒಬ್ಬ ಅಕ್ಕ, ಅವಳ ತಮ್ಮ ಇಬ್ಬರೂ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದರು.

"ನಿನ್ನೆ ಇವರಿಗೆ ಕಳಿಸಿದ ಸಾಫ್ಟ್‌ವೇರ್‌ನ ಎಲ್ಲಿ ತಯಾರು ಮಾಡಿದೆ?"

"ನನ್ನ ಲ್ಯಾಪ್‌ಟಾಪಲ್ಲಿ, ಅಕ್ಕ. ಅದರ ಪ್ರೊಸೆಸರ್‌ನಲ್ಲಿರೋ ಹೊಸ ಸೌಲಭ್ಯ ಎಲ್ಲಾ ಬಳಸ್ಕೊಂಡಿದೀನಿ."

"ಈ ಲ್ಯಾಬಿನವರ ಕಂಪ್ಯೂಟರ್ ಪ್ರೊಸೆಸರ್‌ನಲ್ಲಿ ಅವೆಲ್ಲ ಇದಾವಾ ಅಂತ ನೋಡಿದ್ಯಾ?"

"ಇಷ್ಟು ಹಳೇದು ಇಟ್ಕೊಂಡಿರ್ತಾರೆ ಅಂತ ಯಾರಿಗೆ ಗೊತ್ತು? ಹೊಸ ಕಂಪ್ಯೂಟರ್ ತಗೊಳ್ಳಲಿ."

"ನಿನ್ನ ಕಾಲಿನ ಅಳತೆಗೆ ಚಪ್ಪಲಿ ಹೊಲಿದು, ಊರವರಿಗೆಲ್ಲ ಕಾಲು ಬದಲಾಯಿಸ್ಕೊಳ್ಳಿ ಅನ್ನು."

"ಆದ್ರೆ ಎಷ್ಟು ಬೇಗ ಓಪನ್ ಆಗುತ್ತೆ ಗೊತ್ತಾ?"

"ನೋಡಿದೆ. ಇಲ್ಲಿ ಅದಕ್ಕಿಂತ ಬೇಗ ಮುಚ್ಕೊಳ್ಳುತ್ತೆ."

ಒಳಗಿಂದ ಕರೆದರು. ತಮ್ಮ ಲ್ಯಾಪ್‌ಟಾಪ್ ಎತ್ತಿಕೊಂಡ. ಅಕ್ಕ ಬಾಗಿಲ ಹತ್ತಿರ ಹೋಗಿ ತಿರುಗಿ ನೋಡಿದಳು.

"ಅದನ್ನ ಅಲ್ಲೇ ಬಿಟ್ಟು ಬಾ, ಇವರ ಕಂಪ್ಯೂಟರಲ್ಲೇ ನೋಡೋಣ. ನಿನ್ನದ್ರಲ್ಲಿ ಎಲ್ಲಾ ಓಡುತ್ತೆ."